ಮೊಸಾಯಿಕ್‌ಗೆ ಸಿಲಿಕೋನ್ ಅಂಟು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಟೈಲ್, ಗಾಜಿನ ಚೂರು ಜೋಡಿಸಿ ಮೊಸಾಯಿಕ್ ಮಾಡುವವರು ಡಿಸೈನ್ ಬಗ್ಗೆ ಕೇಳುವುದು ಕಡಿಮೆ, ಅಂಟಿನ ಬಗ್ಗೆ ಕೇಳುವುದೇ ಜಾಸ್ತಿ. ಅದರಲ್ಲೂ ಸಿಲಿಕೋನ್ ಅಂದರೆ ಕೈ, ಬಟ್ಟೆ, ಮೇಜು, ಗಾಜು ಎಲ್ಲಾ ಕಡೆ ಮೆತ್ತಿಕೊಳ್ಳುವ ವಸ್ತು ಅಂತ ಹೆಸರಾಗಿದೆ. ಅದು ಮೆತ್ತಿಕೊಳ್ಳಲು ಮುಖ್ಯ ಕಾರಣ ನಾವು ಬೇಕಾದ್ದಕ್ಕಿಂತ ಹೆಚ್ಚು ಹಚ್ಚುವುದು. ಕೆಳಗಿನ ಅರ್ಧದಷ್ಟು ಉತ್ತರಗಳು ಸುತ್ತಿ ಬಳಸಿ ಅದನ್ನೇ ಹೇಳುತ್ತವೆ.

ಫೆವಿಕಾಲ್ ಇರುವಾಗ ಸಿಲಿಕೋನ್ ಯಾಕೆ ಬೇಕು?

ಎಲ್ಲದಕ್ಕೂ ಬೇಡ. ಪ್ಲೈವುಡ್ ಹಲಗೆಯ ಮೇಲೆ ಟೈಲ್ ಚೂರು ಅಂಟಿಸಿ ಒಳಗಿನ ಗೋಡೆಗೆ ತೂಗುಹಾಕುತ್ತೀರಾದರೆ ಫೆವಿಕಾಲ್ ಸಾಕು. ಅದು ಅಗ್ಗ, ವಾಸನೆ ಇಲ್ಲ, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಗಾಜಿನ ಮೇಲೆ ಗಾಜು ಅಂಟಿಸುವಾಗ ಕಥೆ ಬೇರೆ. ಫೆವಿಕಾಲ್ ಒಣಗಬೇಕಾದರೆ ಅದರೊಳಗಿನ ನೀರು ಹೊರಗೆ ಹೋಗಬೇಕು. ಮರವಾದರೆ ಆ ನೀರನ್ನು ಹೀರಿಕೊಳ್ಳುತ್ತದೆ, ಗಾಜು ಹೀರುವುದಿಲ್ಲ. ಎರಡು ಗಾಜಿನ ನಡುವೆ ಸಿಕ್ಕಿಕೊಂಡ ಅಂಟು ವಾರವಾದರೂ ಬೆಳ್ಳಗೆ ಹಾಗೇ ಇರುತ್ತದೆ. ಒಣಗಿದ ಮೇಲೂ ನೀರು ತಾಗಿದರೆ ಸಾಮಾನ್ಯ ಫೆವಿಕಾಲ್ ಮೆತ್ತಗಾಗುತ್ತದೆ. ಸಿಲಿಕೋನ್‌ಗೆ ಈ ತೊಂದರೆ ಇಲ್ಲ. ಗಾಜನ್ನು ಅದು ಹಿಡಿಯುವಷ್ಟು ಗಟ್ಟಿಯಾಗಿ ಬೇರೆ ಅಂಟು ಹಿಡಿಯುವುದು ಕಷ್ಟ. ಗಟ್ಟಿಯಾದ ಮೇಲೂ ಸ್ವಲ್ಪ ರಬ್ಬರಿನ ಗುಣ ಉಳಿಯುವುದರಿಂದ ಬಿಸಿಲು, ಚಳಿಗೆ ಗಾಜು ಹಿಗ್ಗಿ ಕುಗ್ಗಿದರೂ ಬಿಟ್ಟುಬರುವುದಿಲ್ಲ.

ಕಿಟಕಿ ಗಾಜು, ಬಾಟಲಿ, ದೀಪದ ಲೋಟ, ಕನ್ನಡಿ ಚೌಕಟ್ಟು, ಲೋಹದ ತಟ್ಟೆ: ಇವುಗಳಿಗೆ ಸಿಲಿಕೋನ್. ದೊಡ್ಡ ಗೋಡೆ, ನೆಲ, ಕಟ್ಟೆಗೆ ಸಿಮೆಂಟಿನ ಟೈಲ್ ಅಂಟು. ಸಿಲಿಕೋನ್ ಹಿಡಿದುಕೊಂಡು ಮನೆಯ ಇಡೀ ಗೋಡೆ ಮುಗಿಸಲು ಹೊರಡಬೇಡಿ. ದುಡ್ಡೂ ದಂಡ, ಕೈಯೂ ನೋವು.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏನೂ ಒಣಗಲ್ಲ. ಸಿಲಿಕೋನ್ ಒಣಗುತ್ತಾ?

ಒಣಗುತ್ತದೆ. ಬೇಸಿಗೆಗಿಂತ ಬೇಗ ಒಣಗಿದರೂ ಆಶ್ಚರ್ಯವಿಲ್ಲ.

ಸಿಲಿಕೋನ್ ನೀರು ಬಿಟ್ಟು ಒಣಗುವ ಅಂಟಲ್ಲ. ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಗಟ್ಟಿಯಾಗುವ ಅಂಟು. ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಕಡೆ, ಅಡಕೆ, ಬಟ್ಟೆ, ಹಪ್ಪಳ ಎಲ್ಲವೂ ಥಂಡಿ ಹಿಡಿದು ಕೂತಿರುವಾಗ, ತನ್ನ ಪಾಡಿಗೆ ಗಟ್ಟಿಯಾಗುವ ವಸ್ತು ಇದೊಂದೇ ಇರಬೇಕು. ಉಲ್ಟಾ, ಏಪ್ರಿಲ್ ತಿಂಗಳ ಒಣಹವೆಯಲ್ಲಿ ಸ್ವಲ್ಪ ನಿಧಾನವಾಗುತ್ತದೆ.

ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಗಾಳಿಯಲ್ಲಿ ತೇವ ಇರಬೇಕು, ಅಂಟಿಸುವ ಜಾಗ ಒದ್ದೆ ಇರಬಾರದು. ಮಳೆಗಾಲದ ಬೆಳಿಗ್ಗೆ ಗಾಜಿನ ಮೇಲೆ ಕಣ್ಣಿಗೆ ಕಾಣದಷ್ಟು ತೆಳ್ಳಗೆ ನೀರು ಕೂತಿರುತ್ತದೆ. ಬೆರಳಿಂದ ಎಳೆದರೆ ಗೆರೆ ಬೀಳುತ್ತದಲ್ವಾ, ಅದೇ. ಅದರ ಮೇಲೆ ಸಿಲಿಕೋನ್ ಹಚ್ಚಿದರೆ ಅದು ಹಿಡಿಯುವುದು ನೀರಿನ ಪದರವನ್ನು, ಗಾಜನ್ನಲ್ಲ. ಒಣ ಬಟ್ಟೆಯಿಂದ ಒರೆಸಿ, ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಮತ್ತೊಮ್ಮೆ ಒರೆಸಿ. ಅದು ಪೂರ್ತಿ ಆರಿದ ಮೇಲೆ ಕೆಲಸ ಶುರುಮಾಡಿ. ಚೂರುಗಳನ್ನೂ ಹೀಗೇ ಒರೆಸಬೇಕು. ಟೈಲ್ ಕತ್ತರಿಸಿದ ಧೂಳು, ಕೈಯ ಎಣ್ಣೆ ಎರಡೂ ಸಿಲಿಕೋನ್‌ಗೆ ಆಗದವು.

ಅಂಗಡಿಯಲ್ಲಿ ಏನಂತ ಕೇಳಬೇಕು?

ಸುಮ್ನೆ "ಸಿಲಿಕೋನ್ ಕೊಡಿ" ಅಂದರೆ ಕೈಗೆ ಬರುವುದು ಸಾಮಾನ್ಯವಾಗಿ ಜಿಪಿ (ಜನರಲ್ ಪರ್ಪಸ್) ಸಿಲಿಕೋನ್. ಅದನ್ನು ಬಿಚ್ಚಿದ ತಕ್ಷಣ ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತದೆ. ಗಟ್ಟಿಯಾಗುವಾಗ ಅದು ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರ್‌ನಲ್ಲಿ ಇರುವುದೂ ಅದೇ ಆಮ್ಲ. ಬರೀ ಗಾಜಿಗೆ ಗಾಜು, ಗಾಜಿಗೆ ಮೆರುಗಿನ ಟೈಲ್ ಅಂಟಿಸಲು ಇದು ತುಂಬಾ ಒಳ್ಳೆಯದು. ನೀರಿನಷ್ಟು ತಿಳಿಯಾಗಿ ಕಾಣುತ್ತದೆ ಕೂಡ.

ಈ ಆಮ್ಲಕ್ಕೆ ಆಗದ ಮೂರು ಇವೆ. ತಾಮ್ರ, ಹಿತ್ತಾಳೆ, ಸತುವಿನ ಲೇಪ ಇರುವ ತಗಡು: ಇವು ತುಕ್ಕು ಹಿಡಿಯುತ್ತವೆ, ಕಲೆಯಾಗುತ್ತವೆ. ಸಿಮೆಂಟ್, ಸುಣ್ಣ, ಮಾರ್ಬಲ್: ಇವು ಆಮ್ಲದ ಜೊತೆ ಸೇರಿ ಅಂಟಿನ ಅಡಿಯಲ್ಲಿ ಪುಡಿಯಂಥ ಪದರ ಕಟ್ಟುತ್ತವೆ, ಹಿಡಿತ ಹೋಗುತ್ತದೆ. ಮೂರನೆಯದು ಕನ್ನಡಿಯ ಹಿಂಬದಿಯ ಲೇಪ.

ಇವು ಮೂರಕ್ಕೂ ಈ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕೋನ್ ಬೇಕು. "ಅಣ್ಣ, ನ್ಯೂಟ್ರಲ್ ಇದ್ಯಾ?" ಅಂತ ಕೇಳಿ. ಹಾರ್ಡ್‌ವೇರ್ ಅಂಗಡಿಯವರಿಗೆ ಗೊತ್ತಾಗದಿದ್ದರೆ ಅಲ್ಯೂಮಿನಿಯಂ ಕಿಟಕಿ ಸಾಮಾನು ಮಾರುವವರ ಹತ್ತಿರ ಹೋಗಿ. ಅವರು ಇದನ್ನು ವೆದರ್ ಸಿಲಿಕೋನ್ ಅಂತಲೂ ಕರೆಯುತ್ತಾರೆ. ಟ್ಯೂಬಿನ ಮೇಲೂ ಬರೆದಿರುತ್ತದೆ, ಓದಿಕೊಳ್ಳಿ. ಅಕ್ರಿಲಿಕ್ ಸೀಲೆಂಟ್ ಅಂತ ಇನ್ನೊಂದು ಅದೇ ಥರದ ಟ್ಯೂಬ್‌ನಲ್ಲಿ ಬರುತ್ತದೆ. ಅದು ಗೋಡೆಯ ಬಿರುಕು ಮುಚ್ಚಿ ಪೇಂಟ್ ಹೊಡೆಯಲು ಇರುವುದು, ನಮ್ಮ ಕೆಲಸಕ್ಕೆ ಬೇಡ.

ಟ್ಯೂಬಿನ ಮೇಲಿನ ತಾರೀಕು ನೋಡದೆ ದುಡ್ಡು ಕೊಡಬೇಡಿ. ಸಿಲಿಕೋನ್‌ನ ಆಯಸ್ಸು ತಯಾರಾದ ದಿನದಿಂದ ಹೆಚ್ಚುಕಡಿಮೆ 1 ವರ್ಷ. ಬಿಸಿಲು ಬೀಳುವ ಶೋಕೇಸ್‌ನಲ್ಲಿ ನಿಲ್ಲಿಸಿಟ್ಟ ಟ್ಯೂಬ್‌ಗೆ ಅಷ್ಟೂ ಇರುವುದಿಲ್ಲ. ಅವಧಿ ಮೀರಿದ ಸಿಲಿಕೋನ್ ನೋಡಲು ಸರಿಯಾಗಿಯೇ ಇರುತ್ತದೆ, ಆದರೆ ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಉಳಿಯುತ್ತದೆ. ಹೊಸ ಟ್ಯೂಬ್ ತಂದ ದಿನ ಒಂದು ಬೇಡದ ಗಾಜಿನ ಮೇಲೆ ಸ್ವಲ್ಪ ಹಾಕಿಡಿ. ಮರುದಿನ ಅದು ರಬ್ಬರ್ ಆಗಿದ್ದರೆ ಕೆಲಸಕ್ಕೆ ತೆಗೆದುಕೊಳ್ಳಿ.

ಕನ್ನಡಿ ಚೂರುಗಳ ಅಂಚು ಕೆಲವು ತಿಂಗಳಲ್ಲಿ ಕಪ್ಪಾಗುವುದು ಯಾಕೆ?

ಒಂದು ಕಾರಣ ಮೇಲೆ ಹೇಳಿದ ಆಮ್ಲ. ಇನ್ನೊಂದು ನಮ್ಮ ಊರಿನ ತೇವ. ಕನ್ನಡಿಯನ್ನು ಕತ್ತರಿಸಿದಾಗ ಅಂಚಿನಲ್ಲಿ ಬೆಳ್ಳಿ ಲೇಪ ಬಯಲಾಗುತ್ತದೆ. ಅಲ್ಲಿಂದ ನೀರಿನಂಶ ಒಳಗೆ ಹೋಗಿ ಲೇಪ ತಿನ್ನುತ್ತದೆ. ನ್ಯೂಟ್ರಲ್ ಸಿಲಿಕೋನ್ ಬಳಸಿ. ಕತ್ತರಿಸಿದ ಅಂಚಿಗೆ ಮೊದಲೇ ತೆಳ್ಳಗೆ ಕ್ಲಿಯರ್ ವಾರ್ನಿಷ್ ಅಥವಾ ನೇಲ್ ಪಾಲಿಶ್ ಬಳಿದುಕೊಂಡರೆ ಇನ್ನೂ ಒಳ್ಳೆಯದು. ಬೇಸರದ ಕೆಲಸ ನಿಜ, ಆದರೆ ತೀರ್ಥಹಳ್ಳಿಯಂಥ ಕಡೆ ಹೊರಗಿಡುವ ಕೆಲಸಕ್ಕೆ ಕನ್ನಡಿ ಬಳಸುವುದಾದರೆ ಬಿಡುವಂತಿಲ್ಲ.

ಏನೇನು ಸಾಮಾನು ಬೇಕು?

280 ಅಥವಾ 300 ಮಿ.ಲೀ. ಟ್ಯೂಬ್, ಅದನ್ನು ಕೂರಿಸಿ ಅಂಟು ಒತ್ತಿ ತೆಗೆಯಲು ಒಂದು ಗನ್. ಚಿಕ್ಕ ಕೆಲಸಕ್ಕೆ ಕೈಯಿಂದ ಒತ್ತುವ ಸಣ್ಣ ಟ್ಯೂಬ್ ಸಾಕು. ಜೊತೆಗೆ ಐಸ್‌ಕ್ರೀಂ ಕಡ್ಡಿ, ಟೂತ್‌ಪಿಕ್, ಚಿಮಟ, ಮಾಸ್ಕಿಂಗ್ ಟೇಪ್, ಬ್ಲೇಡ್, ಟಿಶ್ಯೂ ಕಾಗದ, ನೈಟ್ರೈಲ್ ಗ್ಲೌಸ್. ಮೇಜಿನ ಮೇಲೆ ಪಾಲಿಥೀನ್ ಹಾಳೆ ಹಾಸಿ. ಸಿಲಿಕೋನ್ ಪಾಲಿಥೀನ್‌ಗೆ ಹಿಡಿಯುವುದಿಲ್ಲ, ಒಣಗಿದ ಮೇಲೆ ಸುಲಿದು ಬರುತ್ತದೆ. ಪೇಪರ್ ಹಾಸಿದರೆ ಪೇಪರ್ ಸಮೇತ ಅಂಟುತ್ತದೆ.

ಗಾಜು ಕತ್ತರಿಸುವಾಗ ಕನ್ನಡಕ ಹಾಕಿಕೊಳ್ಳಿ. ಇದರಲ್ಲಿ ಚೌಕಾಸಿ ಇಲ್ಲ.

ಗನ್ ಬಿಟ್ಟ ಮೇಲೂ ಸಿಲಿಕೋನ್ ಸುರಿಯುತ್ತಲೇ ಇರುತ್ತದೆ, ಏನು ಮಾಡುವುದು?

ಗನ್‌ನ ಹಿಂಭಾಗದಲ್ಲಿ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಸಣ್ಣ ತಗಡಿನ ಚೂರು ಇರುತ್ತದೆ. ಟ್ರಿಗರ್ ಬಿಟ್ಟ ತಕ್ಷಣ ಅದನ್ನು ಒತ್ತಿ. ಒಳಗಿನ ಸರಳು ಹಿಂದೆ ಸರಿದು ಒತ್ತಡ ಇಳಿಯುತ್ತದೆ, ಸುರಿಯುವುದು ನಿಲ್ಲುತ್ತದೆ. ಕಿಟಕಿ ಕೂರಿಸುವ ಹುಡುಗರ ಹೆಬ್ಬೆರಳು ನೋಡಿ, ಅವರು ಇದನ್ನು ಗಮನವೇ ಕೊಡದೆ ಮಾಡುತ್ತಿರುತ್ತಾರೆ.

ನಾಝಲ್ ತುದಿಯನ್ನು ಓರೆಯಾಗಿ, 45 ಡಿಗ್ರಿಯಲ್ಲಿ, ಆದಷ್ಟು ತುದಿಗೆ ಕತ್ತರಿಸಿ. ತೂತು 2 ಮಿ.ಮೀ. ಸಾಕು. ಬೇಕಾದರೆ ಆಮೇಲೆ ದೊಡ್ಡದು ಮಾಡಬಹುದು, ಚಿಕ್ಕದು ಮಾಡಲಾಗುವುದಿಲ್ಲ.

ಸೂಕ್ಷ್ಮ ಕೆಲಸಕ್ಕೆ ನನಗೆ ಇಷ್ಟವಾದ ದಾರಿ ಬೇರೆ. ಮೆಡಿಕಲ್ ಶಾಪ್‌ನಿಂದ 5 ಮಿ.ಲೀ. ಸಿರಿಂಜ್ ತಂದು, ಸೂಜಿ ತೆಗೆದುಹಾಕಿ, ಹಿಂದಿನಿಂದ ಸಿಲಿಕೋನ್ ತುಂಬಿಕೊಳ್ಳಿ. ಪೆನ್ನು ಹಿಡಿದಷ್ಟು ಸಲೀಸು. ಆ ಹೊತ್ತಿನ ಕೆಲಸಕ್ಕೆ ಬೇಕಾದಷ್ಟೇ ತುಂಬಿ, ಸಿರಿಂಜ್‌ನಲ್ಲಿ ಇಟ್ಟರೆ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಒಂದು ಚೂರಿಗೆ ಎಷ್ಟು ಅಂಟು?

ನೀವು ಅಂದುಕೊಂಡಿದ್ದಕ್ಕಿಂತ ಕಡಿಮೆ. 1 ಸೆಂ.ಮೀ. ಚೌಕದ ನಯವಾದ ಗಾಜಿನ ಚೂರಿಗೆ ಒಂದು ಅಕ್ಕಿಕಾಳಿನಷ್ಟು ಸಾಕು. ಹಿಂಬದಿಯಲ್ಲಿ ಏರುತಗ್ಗು ಗೀರು ಇರುವ ಸೆರಾಮಿಕ್ ಟೈಲ್‌ಗೆ ಉದ್ದಿನಕಾಳಿನಷ್ಟು.

ಮಾಡುವ ಕ್ರಮ ಹೀಗೆ. ಚೂರನ್ನು ಮಗುಚಿ ಎಡಗೈಯಲ್ಲಿ ಹಿಡಿಯಿರಿ. ನಡುವೆ ಅಂಟಿನ ಚುಕ್ಕಿ ಇಡಿ. ಕಡ್ಡಿಯ ಚಪ್ಪಟೆ ತುದಿಯಿಂದ ಅದನ್ನು ಹರಡಿ, ಆದರೆ ಅಂಚಿನಿಂದ 1 ಮಿ.ಮೀ. ಒಳಗೇ ನಿಲ್ಲಿಸಿ. ಈಗ ಚೂರನ್ನು ಜಾಗಕ್ಕೆ ಇಟ್ಟು, ಒತ್ತುವಾಗಲೇ ಒಂದು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿ. ಗಾಜಾದರೆ ಅಂಟು ಹರಡುವುದು ಮೇಲಿನಿಂದಲೇ ಕಾಣುತ್ತದೆ: ಮಂಕಾಗಿದ್ದ ಜಾಗ ನಡುವಿನಿಂದ ಅಂಚಿಗೆ ತಿಳಿಯಾಗುತ್ತಾ ಹೋಗುತ್ತದೆ. ಅದು ಅಂಚು ಮುಟ್ಟಿದ ಕೂಡಲೇ ಬೆರಳು ತೆಗೆಯಿರಿ. ಅಂಟು ಅಂಚಿಗೆ ಬರಬೇಕು, ದಾಟಬಾರದು.

ಎರಡು ಮೂರು ಚೂರು ಹೀಗೆ ಕೂರಿಸಿದರೆ ಕೈಗೆ ಅಳತೆ ಸಿಗುತ್ತದೆ. ಆಮೇಲೆ ಯೋಚನೆ ಮಾಡಬೇಕಿಲ್ಲ.

ಹಲಗೆಯ ಮೇಲೆ ಅಂಗೈಯಗಲ ಸಿಲಿಕೋನ್ ಬಳಿದು ಅದರ ಮೇಲೆ ಚೂರು ಜೋಡಿಸುವ ಪದ್ಧತಿಯೂ ಇದೆ. ನಾನು ಅದನ್ನು ಹೇಳಿಕೊಡುವುದಿಲ್ಲ. ಹೊರಗೆ ಬಂದ 5ರಿಂದ 20 ನಿಮಿಷದಲ್ಲಿ ಸಿಲಿಕೋನ್ ಮೇಲೆ ಕೆನೆ ಕಟ್ಟುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಕೆನೆಯ ಮೇಲೆ ಕೂರಿಸಿದ ಚೂರು ಅಂಟಿದ ಹಾಗೆ ಕಂಡರೂ ಉಗುರು ತಾಗಿಸಿದರೆ ಎದ್ದುಬರುತ್ತದೆ.

ಬಳೆ ಚೂರುಗಳು ನಿಲ್ಲುವುದೇ ಇಲ್ಲವಲ್ಲ?

ಗಾಜಿನ ಬಳೆ ಗುಂಡಗಿರುವುದರಿಂದ ತಳಕ್ಕೆ ತಾಗುವುದು ಒಂದು ಗೆರೆಯಷ್ಟು ಮಾತ್ರ. ಅದಕ್ಕೆ ಚೂರಿಗೆ ಹಚ್ಚಬೇಡಿ, ತಳಕ್ಕೆ ಹಚ್ಚಿ. ಸಿರಿಂಜ್‌ನಿಂದ ಬಳೆಯ ಬಾಗಿಗೆ ತಕ್ಕ ಹಾಗೆ ಒಂದು ಸಣ್ಣ ಗೆರೆ ಎಳೆದು, ಚಿಮಟದಲ್ಲಿ ಚೂರನ್ನು ಅದರೊಳಗೆ ಕೂರಿಸಿ. ಅಂಟು ಬಳೆಯ ದಪ್ಪದ ಕಾಲುಭಾಗದಷ್ಟು ಏರಿದರೆ ಸಾಕು. ಅರ್ಧಕ್ಕಿಂತ ಮೇಲೆ ಬಂದರೆ ಹೊಳಪು ಹೋಗುತ್ತದೆ. ಒಳಗೆ ಚಿನ್ನದ ಬಣ್ಣದ ಲೇಪ ಇರುವ ಬಳೆಗೆ ನ್ಯೂಟ್ರಲ್ ಸಿಲಿಕೋನೇ ಇರಲಿ.

ತಿಳಿಗಾಜಿನ ಕೆಳಗೆ ಗುಳ್ಳೆ ಕಾಣುತ್ತದೆ.

ನಾಲ್ಕು ಮೂಲೆಗೆ ನಾಲ್ಕು ಚುಕ್ಕಿ ಇಟ್ಟರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಸೊಟ್ಟಪಟ್ಟ ಗೆರೆ ಎಳೆದರೂ ಅಷ್ಟೇ. ಒಂದೇ ಚುಕ್ಕಿ, ನಡುವೆ. ಚೂರನ್ನು ಒಂದು ಅಂಚಿನಿಂದ ಶುರುಮಾಡಿ ನಿಧಾನಕ್ಕೆ ಮಲಗಿಸಿ, ಗಾಳಿಗೆ ಹೊರಗೆ ಹೋಗಲು ದಾರಿ ಇರುತ್ತದೆ. ಬೆಳಕಿನ ಎದುರು ನಿಲ್ಲುವ ಕಿಟಕಿ ಕೆಲಸದಲ್ಲಿ ಒಂದೆರಡು ಗುಳ್ಳೆ ಉಳಿದರೆ ಉಳಿಯಲಿ ಬಿಡಿ. ಮಾಡಿದವರಿಗೆ ಮಾತ್ರ ಅದು ಕಾಣುವುದು.

ಸಂದಿಯಲ್ಲಿ ಅಂಟು ಉಕ್ಕಿತು. ತಕ್ಷಣ ಒರೆಸಬೇಕಾ, ಒಣಗಿದ ಮೇಲೆ ತೆಗೆಯಬೇಕಾ?

ಎಷ್ಟು ಉಕ್ಕಿದೆ ಅನ್ನುವುದರ ಮೇಲೆ.

ಚೂರಿನ ದಪ್ಪದ ಮೂರನೇ ಒಂದು ಭಾಗಕ್ಕಿಂತ ಕೆಳಗೇ ಇದ್ದರೆ ಮುಟ್ಟಬೇಡಿ. ಆಮೇಲೆ ಸಂದಿಗೆ ತುಂಬುವ ಗ್ರೌಟ್ ಅದರ ಮೇಲೆ ಕೂರುತ್ತದೆ. ಅದಕ್ಕಿಂತ ಮೇಲೆ ಬಂದಿದ್ದರೆ ತೆಗೆಯಲೇಬೇಕು. ಗ್ರೌಟ್ ಸಿಮೆಂಟಿನದು, ಸಿಲಿಕೋನ್ ಮೇಲೆ ಅದು ಹಿಡಿಯುವುದಿಲ್ಲ. ತೆಳ್ಳಗೆ ಕೂತ ಗ್ರೌಟ್ ಸ್ವಲ್ಪ ದಿನದಲ್ಲಿ ಉದುರಿ, ಅಲ್ಲಲ್ಲಿ ರಬ್ಬರ್ ಇಣುಕುತ್ತದೆ. ಸಿಲಿಕೋನ್ ಮೇಲೆ ಪೇಂಟ್ ಕೂಡ ನಿಲ್ಲುವುದಿಲ್ಲ. ಹಾಗಾಗಿ ಬಣ್ಣ ಬಳಿದು ಮುಚ್ಚುವ ಆಸೆ ಬಿಡಿ.

ಹಸಿಯಾಗಿರುವಾಗ ತೆಗೆಯುವುದಾದರೆ ಟೂತ್‌ಪಿಕ್‌ನಿಂದ ಸಂದಿಯುದ್ದಕ್ಕೆ ಒಂದೇ ಸಲ ಎಳೆದು, ಬಂದದ್ದನ್ನು ಒಣ ಟಿಶ್ಯೂಗೆ ಒರೆಸಿ. ಮತ್ತೆ ಹೊಸ ತುದಿಯಿಂದ ಎಳೆಯಿರಿ. ಒದ್ದೆ ಬಟ್ಟೆ ಬೇಡವೇ ಬೇಡ. ನೀರಿಗೆ ಸಿಲಿಕೋನ್ ಕರಗುವುದಿಲ್ಲ, ಉಜ್ಜಿದಷ್ಟೂ ತೆಳ್ಳಗೆ ಎಲ್ಲ ಕಡೆ ಬಳಿದುಕೊಳ್ಳುತ್ತದೆ. ಮುಕ್ಕಾಲು ಗಲೀಜು ಆಗುವುದು ಈ ಒರೆಸುವ ಆತುರದಲ್ಲಿ. ಟಿಶ್ಯೂಗೆ ಬಂದಷ್ಟು ಬರಲಿ, ಉಳಿದ ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅಥವಾ ಟರ್ಪೆಂಟೈನ್ ತಾಗಿಸಿದ ಬಟ್ಟೆಯಿಂದ ತೆಗೆಯಿರಿ.

ಚೂರಿನ ಮುಖದ ಮೇಲೆ ಒಂದು ಹನಿ ಬಿದ್ದಿದೆ ಅಂತಿಟ್ಟುಕೊಳ್ಳಿ. ಅದನ್ನು ಮುಟ್ಟದೆ ಬಿಡುವುದೇ ಜಾಣತನ. ಮರುದಿನ ಬ್ಲೇಡನ್ನು ಗಾಜಿಗೆ ಮಲಗಿಸಿ ನೂಕಿದರೆ ಹನಿ ಇಡಿಯಾಗಿ ಎದ್ದುಬರುತ್ತದೆ. ಪೂರ್ತಿ ಗಟ್ಟಿಯಾಗದೆ ಅರ್ಧಂಬರ್ಧ ಇರುವಾಗ ಮಾತ್ರ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ಅದು ಹಸಿಯೂ ಅಲ್ಲ, ರಬ್ಬರೂ ಅಲ್ಲ, ನೂಲುನೂಲಾಗಿ ಎಳೆದುಕೊಳ್ಳುತ್ತದೆ.

ಸೋಪಿನ ನೀರಲ್ಲಿ ಬೆರಳು ಅದ್ದಿ ಎಳೆಯುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ?

ಅದು ಬಾತ್‌ರೂಮ್ ಸಿಂಕಿನ ಅಂಚಿಗೆ ಹೇಳಿದ್ದು. ಅಲ್ಲಿ ಸಿಲಿಕೋನ್ ಹಾಕಿ ಆಗಿರುತ್ತದೆ, ಮೇಲೆ ನುಣುಪು ಮಾಡಿದರೆ ಕೆಲಸ ಮುಗಿಯಿತು. ನಮ್ಮದು ಹಾಗಲ್ಲ, ಪಕ್ಕದಲ್ಲೇ ಇನ್ನೂ ಚೂರು ಅಂಟಿಸಬೇಕು. ಸೋಪು ಹರಡಿದ ಕಡೆ ಮುಂದಿನ ಅಂಟು ಹಿಡಿಯುವುದಿಲ್ಲ. ಎಲ್ಲ ಚೂರು ಕೂತ ಮೇಲೆ ಚೌಕಟ್ಟಿನ ಸುತ್ತ ಅಂಚು ಕಟ್ಟುವಾಗ ಮಾತ್ರ ಸೋಪಿನ ನೀರು ಬಳಸಿ.

ಚಿತ್ತಾರದ ಥರ ನೇರ ಗೆರೆ ಬರಬೇಕು. ಹೇಗೆ?

ಸಾಗರ, ಸೊರಬ ಕಡೆಯ ದೀವರು ಗೋಡೆಗೆ ಬರೆಯುವ ಹಸೆ ಚಿತ್ತಾರ ಮೊಸಾಯಿಕ್‌ಗೆ ಹೇಳಿ ಮಾಡಿಸಿದ ಹಾಗಿದೆ. ಎಲ್ಲವೂ ಗೆರೆ, ಚೌಕ, ತ್ರಿಕೋನ. ಬಿಳಿ, ಕೆಂಪು, ಕಪ್ಪು ಟೈಲ್ ಪಟ್ಟಿ ಇದ್ದರೆ ಶುರುಮಾಡಬಹುದು. ಆದರೆ ಪುಂಡಿ ನಾರಿನ ಕುಂಚದಲ್ಲಿ ಎಳೆದ ಗೆರೆ ಒಂಚೂರು ಅಲುಗಿದರೂ ಚೆಂದ, ಟೈಲ್ ಗೆರೆ ಅಲುಗಿದರೆ ಸೊಟ್ಟ ಅಂತಲೇ ಕಾಣುತ್ತದೆ.

ಪೆನ್ಸಿಲ್ ಗೆರೆಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಹಚ್ಚಿ. ನಡುವೆ ಟೈಲ್ ಪಟ್ಟಿಯ ಅಗಲಕ್ಕಿಂತ ತುಸು ಜಾಸ್ತಿ ಜಾಗ ಇರಲಿ. ಪಟ್ಟಿಗಳನ್ನು ಕೂರಿಸಿ, ಸ್ಕೇಲ್ ಒತ್ತಿ ಸಾಲು ಸರಿಮಾಡಿ, ಕೆನೆ ಕಟ್ಟುವ ಮೊದಲೇ ಟೇಪ್ ಕಿತ್ತುಬಿಡಿ. ಉಕ್ಕಿದ್ದೆಲ್ಲ ಟೇಪ್ ಜೊತೆ ಹೋಗುತ್ತದೆ. ತಡಮಾಡಿದರೆ ಟೇಪ್ ಎಳೆದಾಗ ಅಂಟಿನ ಅಂಚು ಹರಿದು ಬರುತ್ತದೆ. ಒಂದು ಸಲಕ್ಕೆ ಒಂದೇ ಸಾಲು ಮಾಡಿ. ಲಂಬವಾಗಿ ನಿಂತ ಗಾಜಿನ ಮೇಲೆ ಕೆಲಸವಾದರೆ ಚೂರು ಜಾರದ ಹಾಗೆ ರಾತ್ರಿಯಿಡೀ ಟೇಪಿನಿಂದ ಹಿಡಿಸಿಡಿ.

ಗ್ರೌಟ್ ಯಾವಾಗ ಹಾಕಬಹುದು?

ಸಿಲಿಕೋನ್ ಗಾಳಿ ತಾಗುವ ಅಂಚಿನಿಂದ ಒಳಗೆ ದಿನಕ್ಕೆ 2ರಿಂದ 3 ಮಿ.ಮೀ. ಗಟ್ಟಿಯಾಗುತ್ತಾ ಹೋಗುತ್ತದೆ. ಈ ಒಂದು ಲೆಕ್ಕ ಗೊತ್ತಿದ್ದರೆ ಉತ್ತರ ನೀವೇ ಹೇಳಬಹುದು. ಗಾಜಿನ ಮೇಲೆ 1 ಸೆಂ.ಮೀ. ಗಾಜಿನ ಚೂರು ಅಂದರೆ ಅಂಚಿನಿಂದ ನಡುವಿಗೆ 5 ಮಿ.ಮೀ., ಎರಡು ಮೂರು ದಿನ ಕಾಯಬೇಕು. 4 ಸೆಂ.ಮೀ. ಚೂರಾದರೆ ನಡುವಿಗೆ 20 ಮಿ.ಮೀ., ಒಂದು ವಾರ ದಾಟುತ್ತದೆ. ಗಾಜಿನ ಕೆಲಸಕ್ಕೆ ಚಿಕ್ಕ ಚೂರೇ ಒಳ್ಳೆಯದು ಅನ್ನುವುದು ಇದಕ್ಕೇ. ಸೆರಾಮಿಕ್ ಟೈಲ್‌ನ ಹಿಂಬದಿ ಗಾಳಿಯಾಡುವಂಥದ್ದು, ಅಲ್ಲಿ ಬೇಗ ಆಗುತ್ತದೆ.

ಆತುರಪಟ್ಟು ಗ್ರೌಟ್ ತುಂಬಿದರೆ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ. ಒರೆಸುವಾಗ ಚೂರು ಕದಲುತ್ತದೆ. ಇನ್ನು ಗ್ರೌಟ್‌ಗೆ ಚೂರುಗಳ ನಡುವೆ 2ರಿಂದ 3 ಮಿ.ಮೀ. ಸಂದಿ ಬಿಡಿ.

ತುಳಸಿ ಕಟ್ಟೆಗೆ ಸಿಲಿಕೋನ್‌ನಲ್ಲಿ ಮಾಡಬಹುದಾ?

ಬೇಡ. ಸಿಮೆಂಟ್ ಕಟ್ಟೆ, ಅದೂ ಮಳೆಗೆ ನಿಲ್ಲುವಂಥದ್ದು, ಒಳಗೆ ಮಣ್ಣು, ದಿನಾ ನೀರು. ಒಳಗಿನಿಂದ ಬರುವ ತೇವ ಸಿಲಿಕೋನನ್ನು ಹಿಂದಿನಿಂದ ಎತ್ತುತ್ತದೆ. ಸಿಮೆಂಟಿನ ಟೈಲ್ ಅಂಟನ್ನೇ ಬಳಸಿ, ಮಾರ್ಚ್‌ನಲ್ಲಿ ಮಾಡಿ ಮುಗಿಸಿ. ಸಿಮೆಂಟ್ ಹೂಕುಂಡಕ್ಕೂ ಇದೇ ಮಾತು. ಅಲ್ಲಿ ಸಿಲಿಕೋನೇ ಬೇಕು ಅಂದರೆ ಕುಂಡ ಪೂರ್ತಿ ಒಣಗಿರಬೇಕು, ಒಳಗೆ ವಾಟರ್‌ಪ್ರೂಫ್ ಬಳಿದಿರಬೇಕು, ಅಂಟು ನ್ಯೂಟ್ರಲ್ ಆಗಿರಬೇಕು.

ಜಂಬಿಟ್ಟಿಗೆ, ರೆಡ್ ಆಕ್ಸೈಡ್ ನೆಲ, ಹಳೇ ಮರದ ಬಾಗಿಲು?

ಜಂಬಿಟ್ಟಿಗೆ ತುಂಬಾ ತೂತಿನ ಕಲ್ಲು. ಪುಡಿ ಉದುರುತ್ತದೆ, ಜೊತೆಗೆ ಸಿಲಿಕೋನ್‌ನ ಎಣ್ಣೆಯಂಶ ಒಳಗೆ ಇಳಿದು ಸುತ್ತ ಕಪ್ಪು ಕಲೆ ಬರಬಹುದು. ಬೇಡ. ರೆಡ್ ಆಕ್ಸೈಡ್ ನೆಲಕ್ಕೆ ವರ್ಷಗಟ್ಟಲೆ ಎಣ್ಣೆ, ಮೇಣ ತಿಕ್ಕಿರುತ್ತಾರೆ, ಅದರ ಮೇಲೆ ಏನೂ ಹಿಡಿಯುವುದಿಲ್ಲ. ಅಜ್ಜಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ ನೆಲದ ಮೇಲೆ ಮೊಸಾಯಿಕ್ ಯಾಕೆ ಬೇಕೋ ನನಗಂತೂ ತಿಳಿಯದು.

ಮರಕ್ಕೆ ಆಗುತ್ತದೆ. ತೇಗದಲ್ಲಿ ಸಹಜ ಎಣ್ಣೆ ಇರುವುದರಿಂದ ಆಲ್ಕೋಹಾಲ್‌ನಿಂದ ಒರೆಸಿ ಅಂಟಿಸಿ. ಒಂದು ಎಚ್ಚರಿಕೆ: ಬಾಗಿಲಿಗೆ ಪಾಲಿಶ್ ಹೊಡೆಸುವುದಿದ್ದರೆ ಅದನ್ನು ಮೊದಲು ಮುಗಿಸಿ. ಮರಕ್ಕೆ ಸಿಲಿಕೋನ್ ಜಿಡ್ಡು ಸೋಕಿದ ಕಡೆ ಪಾಲಿಶ್ ಹರಡದೆ ಚುಕ್ಕೆಚುಕ್ಕೆಯಾಗಿ ಒಡೆದು ನಿಲ್ಲುತ್ತದೆ, ಬಡಗಿ ನಿಮ್ಮನ್ನೇ ಬೈಯುತ್ತಾನೆ.

ದೀಪ ಇಡುವ ಗಾಜಿನ ಲೋಟಕ್ಕೆ ಹೊರಗಿನಿಂದ ಅಂಟಿಸಿದರೆ ಕರಗುತ್ತಾ?

ಇಲ್ಲ. ಸಿಲಿಕೋನ್ 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ತಡೆಯುತ್ತದೆ. ಲೋಟದ ಗಾಜೇ ಮೊದಲು ಬಿರುಕು ಬಿಡಬಹುದು, ಜ್ವಾಲೆ ಗಾಜಿಗೆ ತಾಗದ ಹಾಗೆ ಅಗಲವಾದ ಲೋಟ ತೆಗೆದುಕೊಳ್ಳಿ.

ಮೀನಿನ ತೊಟ್ಟಿಯೊಳಗೆ?

ಅಕ್ವೇರಿಯಂಗೆ ಅಂತಲೇ ಬರೆದಿರುವ ಸಿಲಿಕೋನ್ ಮಾತ್ರ. ಬಾತ್‌ರೂಮ್ ಸಿಲಿಕೋನ್‌ಗೆ ಬೂಷ್ಟು ಹಿಡಿಯದ ಮದ್ದು ಹಾಕಿರುತ್ತಾರೆ, ಅದು ಮೀನಿಗೆ ವಿಷ. ಅದೇ ಬಾತ್‌ರೂಮ್ ಸಿಲಿಕೋನ್, ನ್ಯೂಟ್ರಲ್ ಆಗಿದ್ದರೆ, ನಮ್ಮ ಮಳೆಗಾಲದ ಬಚ್ಚಲುಮನೆ ಕನ್ನಡಿಗೆ ಒಳ್ಳೆಯದು. ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಅಂಚೆಲ್ಲ ಕರೀ ಚುಕ್ಕಿ.

ಮಕ್ಕಳ ಕೈಗೆ ಕೊಡಬಹುದಾ?

ಬೇಡ. ಮಕ್ಕಳಿಗೆ ಫೆವಿಕಾಲ್, ಪ್ಲೈವುಡ್, ಅಂಚು ತಿಕ್ಕಿದ ಚೂರು. ದೊಡ್ಡವರೂ ಕಿಟಕಿ ತೆರೆದಿಟ್ಟೇ ಕೆಲಸ ಮಾಡಬೇಕು. ನ್ಯೂಟ್ರಲ್‌ಗೆ ವಾಸನೆ ಕಡಿಮೆ ಅಂತ ಬಾಗಿಲು ಹಾಕಿಕೊಂಡು ಕೂರಬೇಡಿ, ಅದೂ ಗಟ್ಟಿಯಾಗುವಾಗ ಆವಿ ಬಿಡುತ್ತದೆ. ಜಡಿಮಳೆಯಾದರೆ ಜಗಲಿಯೇ ಸರಿಯಾದ ಜಾಗ. ಚರ್ಮಕ್ಕೆ ತಾಗಿದರೆ ಮೊದಲು ಒಣ ಟಿಶ್ಯೂ, ಆಮೇಲೆ ಸೋಪು.

ಅರ್ಧ ಉಳಿದ ಟ್ಯೂಬನ್ನು ಮುಂದಿನ ತಿಂಗಳಿಗೆ ಇಡುವುದು ಹೇಗೆ?

ನಾಝಲ್ ತುದಿಯಿಂದ ಒಂದಿಷ್ಟು ಸಿಲಿಕೋನ್ ಹೊರಗೆ ಬರುವಂತೆ ಒತ್ತಿ, ಹಾಗೇ ಬಿಡಿ. ಅದು ಗಟ್ಟಿಯಾಗಿ ಬಿರಡೆಯಾಗುತ್ತದೆ. ಮುಂದಿನ ಸಲ ಆ ಬಾಲ ಹಿಡಿದು ಎಳೆಯಿರಿ. ತುಂಡಾದರೆ ಒಂದು ಉದ್ದ ಸ್ಕ್ರೂ ತಿರುಗಿಸಿ ಒಳಗೆ ಇಳಿಸಿ, ಇಕ್ಕಳದಲ್ಲಿ ಎಳೆದರೆ ಇಡೀ ಬಿರಡೆ ಬರುತ್ತದೆ. ಮಳೆಗಾಲದಲ್ಲಿ ನಾಝಲ್ ಪೂರ್ತಿ ಗಟ್ಟಿಯಾಗುವುದುಂಟು, ಆಗ ಅದನ್ನು ಬಿಚ್ಚಿ ಹೊಸದು ಹಾಕಿ. ಟ್ಯೂಬನ್ನು ಒಲೆಯ ಹತ್ತಿರ, ಅಟ್ಟದ ಮೇಲೆ ಇಡಬೇಡಿ, ತಂಪಿನ ಜಾಗದಲ್ಲಿಡಿ.

ಗಟ್ಟಿಯಾದ ಮೇಲೆ ಒಂದು ಚೂರು ಬದಲಿಸಬೇಕು. ಆಗುತ್ತಾ?

ಆಗುತ್ತದೆ. ತೆಳ್ಳನೆಯ ಬ್ಲೇಡನ್ನು ಚೂರಿನ ಅಡಿಗೆ ತೂರಿಸಿ, ಸ್ವಲ್ಪ ಸ್ವಲ್ಪವೇ ಕೊಯ್ಯುತ್ತಾ ಹೋಗಿ. ಬ್ಲೇಡ್ ಹೋಗದ ಕಡೆ ಗಟ್ಟಿ ಮೀನಿನ ದಾರ ತೂರಿಸಿ ಗರಗಸದಂತೆ ಎಳೆಯಿರಿ. ಸನ್ನೆ ಹಾಕಿ ಮೀಟಬೇಡಿ, ಪಕ್ಕದ ಚೂರೂ ತಳದ ಗಾಜೂ ಒಡೆಯುತ್ತವೆ. ಹಳೇ ಸಿಲಿಕೋನ್ ಪೊರೆಯನ್ನು ಕೊನೆಯವರೆಗೂ ಕೆರೆದು ತೆಗೆದು, ಆಲ್ಕೋಹಾಲ್‌ನಿಂದ ಒರೆಸಿ, ಆರಿದ ಮೇಲೆ ಹೊಸ ಚೂರು ಕೂರಿಸಿ.